ಎಡಗೆನ್ನೆ

ಇವತ್ತು ಸ್ಟುಡಿಯೋದ ಕಂಪ್ಯೂಟರ್ ಸ್ಕ್ರೀನು ಸರಿಯಾಗಿಬಿಟ್ಟರೆ ಏನು ಗತಿ ಎಂಬುದೇ ಎದ್ದಾಗಿನಿಂದ ರಮಿತಾಳ ಚಿಂತೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಕೆಟ್ಟದ್ದು ರಿಪೇರಿಯಾಗಲಿ ಎಂದು ಲೋಕವೆಲ್ಲ ದೇವರನ್ನು ಕೇಳಿಕೊಂಡರೆ ಇವಳೊಬ್ಬಳು ಮಾನಸರೋವರ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತ, ಕೆಟ್ಟದ್ದು ಇನ್ನು ನಾಲ್ಕು ದಿನ ಕೆಟ್ಟೇ ಇರಲಿ ಎಂದು ಕೇಳಿಕೊಳ್ಳುತ್ತಿದ್ದಳು. ಥಾಣೆ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎಂದೂ ಸಿಗದ್ದು ಇವತ್ತು ಸಿಕ್ಕಿದ್ದೂ ಅವಳಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಮಡಿಲಲ್ಲಿಟ್ಟ ಬ್ಯಾಗಿನೊಳಗೆ ಡೈರಿ ಇತ್ತು. ಹನ್ನೊಂದನೇ ಕ್ಲಾಸಿನಲ್ಲಿ ಶುರುಮಾಡಿ, ಬಿ.ಎ. ಮುಗಿದು ಮೂರು ವರ್ಷವಾದರೂ ಒಂದು ದಿನ ಬಿಡದೆ ಬರೆದವುಗಳಲ್ಲಿ ಇದು ಎಂಟನೆಯದು. ಯಾರೂ ಓದದ ಆ ಪುಸ್ತಕದಲ್ಲಿ ಶುಕ್ರವಾರ ಅವಳು ಬರೆದಿದ್ದಳು: ಸ್ಕ್ರೀನಿನಲ್ಲಿ ಸರಿಯಾಗಿ ಕಾಣದೆ ಒಂದು ಫೋಟೊ ಹಾಳಾಯಿತು. ಬರೆದು, ಪೆನ್ನಿನ ಮುಚ್ಚಳ ಹಾಕಿ ಮತ್ತೊಮ್ಮೆ ಓದಿದಾಗ ಅಕ್ಷರ ತನ್ನದೇ, ಮಾತು ಮಾತ್ರ ಇನ್ಯಾರದೋ ಅನಿಸಿತ್ತು. ಸ್ಟುಡಿಯೋದ ಯಜಮಾನ ಲೋಕನಾಥಣ್ಣನಿಗೆ ಹೇಳಿದ ಸುಳ್ಳು ಬಾಯಿಂದ ಜಾರಿದ್ದು. ಇದು ಕೂತು, ಯೋಚಿಸಿ, ದುಂಡಗೆ ಬರೆದದ್ದು.

ಖಾರ್ಘರದಲ್ಲಿ ಹತ್ತಿದವರು ಮೈಮೇಲೆ ಬಿದ್ದರು. ರಮಿತಾ ಸ್ಕಾರ್ಫನ್ನು ಇನ್ನಷ್ಟು ಬಿಗಿಮಾಡಿಕೊಂಡಳು. ಲೋಕಲ್ಲಿನ ಒಂದು ಉಪಕಾರವೆಂದರೆ ಇದು, ಧೂಳು ಬಿಸಿಲು ಎಂದು ಅರ್ಧಕ್ಕರ್ಧ ಹುಡುಗಿಯರು ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಇರುತ್ತಾರೆ, ಅವರ ನಡುವೆ ಇವಳೂ ಒಬ್ಬಳು. ಕೆಳತುಟಿಯ ಬಲ ಅಂಚಿನಿಂದ ಗದ್ದದ ತನಕ ಇಳಿದಿದ್ದ ಬಿಳಿ ಮಚ್ಚೆ ಅಲ್ಲಿ ಯಾರದೂ ಆಗಿರಲಿಲ್ಲ. ಮನೆಯಲ್ಲಿ ಅದಕ್ಕೆ ಹೆಸರಿಲ್ಲ. ಅಮ್ಮ 'ಅದು' ಎನ್ನುತ್ತಾಳೆ. 'ಅದಕ್ಕೆ ಮುಲಾಮು ಹಚ್ಚಿದಿಯಾ', 'ಅದು ಸ್ವಲ್ಪ ಹರಡಿದ ಹಾಗೆ ಉಂಟಲ್ಲ'. ಕಳೆದ ದೀಪಾವಳಿಯ ಹೊತ್ತಿಗೆ ಮದುವೆಯ ಪ್ರಪೋಸಲ್ಲಿಗೆ ಫೋಟೊ ಕೊಡಬೇಕಾದಾಗ, ನೀನೇ ಎಡಿಟಿಂಗಿನವಳಲ್ಲವಾ, ಅದನ್ನೊಂದು ತೆಗೆದುಬಿಡು ಎಂದಿದ್ದಳು, ಅನ್ನದಿಂದ ಕಲ್ಲು ತೆಗೆಯಲು ಹೇಳಿದಷ್ಟು ಸಹಜವಾಗಿ. ರಮಿತಾ ತೆಗೆದಿದ್ದಳು. ಹತ್ತು ನಿಮಿಷದ ಕೆಲಸ. ಪಕ್ಕದ ಚರ್ಮದ ಬಣ್ಣ ಎತ್ತಿ ಬಿಳಿಯ ಮೇಲೆ ಒತ್ತುತ್ತ ಹೋಗುವುದು, ಆಮೇಲೆ ಅಂಚನ್ನು ಕರಗಿಸುವುದು. ಮುಗಿದ ಮೇಲೆ ಸ್ಕ್ರೀನಿನಲ್ಲಿ ಕೂತಿದ್ದ ಹುಡುಗಿಯನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಕಲ್ಯಾಣದಿಂದ ಹುಡುಗನ ಕಡೆಯವರು ಬಂದರು. ಹುಡುಗನ ತಾಯಿ ಮೊಬೈಲಿನಲ್ಲಿದ್ದ ಫೋಟೊ ನೋಡಿದರು, ಇವಳನ್ನು ನೋಡಿದರು, ಪುನಃ ಮೊಬೈಲು ನೋಡಿದರು. ಆಮೇಲೆ ತುಂಬ ಮರ್ಯಾದೆಯಿಂದ, ಸ್ವಲ್ಪ ಲೈಟ್ ಹಾಕ್ತೀರಾ ಎಂದು ಕೇಳಿದರು. ಹೊರಗೆ ನಾಲ್ಕು ಗಂಟೆಯ ಬಿಸಿಲಿತ್ತು. ಅಮ್ಮ ಎದ್ದುಹೋಗಿ ಟ್ಯೂಬ್‌ಲೈಟ್ ಹಾಕಿದಳು. ಅದು ಎರಡು ಸಲ ಮಿಣುಕಿ ಹತ್ತಿಕೊಂಡಿತು.

ಸೀವುಡ್ಸ್ ಬಂತು. ಶುಕ್ರವಾರದಿಂದ ಈ ಸ್ಟೇಷನ್ ಬಂದಾಗಲೆಲ್ಲ ರಮಿತಾ ಮೊಬೈಲು ತೆಗೆದು ಅದರಲ್ಲಿ ಏನೂ ಇಲ್ಲದಿದ್ದರೂ ನೋಡುತ್ತ ಕೂರುತ್ತಿದ್ದಳು. ಈ ಕಟ್ಟಡಗಳ ಹಿಂದೆ ಎಲ್ಲೋ ಆ ಹಾಳಾದ ಫೋಟೊ ಮಾಡಿಸಿದ್ದ ಜಯಕ್ಕನ ಮನೆ. ಅಲ್ಲಿ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬಳು ಮುದುಕಿ ಮಗನನ್ನು ಕಾಯುತ್ತ ಕೂತಿರುತ್ತಾಳೆ ಎಂದು ಗೊತ್ತಾದ ಮೇಲೆ, ಗಾಡಿ ನಿಲ್ಲುವ ಆ ಅರ್ಧ ನಿಮಿಷ ಅವಳಿಗೆ ಮುಗಿಯುತ್ತಲೇ ಇರಲಿಲ್ಲ.

ಲೋಕನಾಥಣ್ಣನ ಸ್ಟುಡಿಯೋ ಕೋಪರಖೈರಣೆಯಲ್ಲಿ, ಸಾಲುಮನೆಗಳ ಕೆಳಗಿನ ಎರಡು ಗಾಳೆ, ಎಂದರೆ ಅಂಗಡಿ ಕೋಣೆಗಳನ್ನು, ಒಂದುಮಾಡಿ ಕಟ್ಟಿದ್ದು. ಮುಂದಿನ ಗಾಳೆಯಲ್ಲಿ ಪಾಸ್‌ಪೋರ್ಟ್ ಫೋಟೊ. ಹಿಂದೆ ಗಾಜಿನ ಬಾಗಿಲಿನಾಚೆ ರಮಿತಾಳ ಮೇಜು. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ಹೋಟೆಲಿಟ್ಟವರು, ಆಫೀಸು ಸೇರಿದವರು ಮೂರು ಕೆಲಸಕ್ಕೆ ಲೋಕನಾಥಣ್ಣನನ್ನೇ ಹುಡುಕಿ ಬರುತ್ತಿದ್ದರು. ಪ್ರಪೋಸಲ್ ಫೋಟೊ, ಮದುವೆ ಆಲ್ಬಮ್ಮು, ಉತ್ತರಕ್ರಿಯೆಯ ಫೋಟೊ. ಒಂದೇ ಮನುಷ್ಯನ ಮೂರನ್ನೂ ಮಾಡಿದ್ದೇನೆ ಎಂದು ಅವರು ಹೆಮ್ಮೆಯಿಂದ ಹೇಳುವುದುಂಟು. ಮೂರರಲ್ಲೂ ಒಂದೇ ಪದ್ಧತಿ. ಕಲೆ, ಮೊಡವೆ, ಕಣ್ಣ ಕೆಳಗಿನ ಕಪ್ಪು ಎಲ್ಲ ಹೋಗಬೇಕು. ಕೇಳಿ ಮಾಡುವುದಲ್ಲ, ಕೇಳದೆಯೇ ಮಾಡಿಕೊಡುವುದು, ಅದೇ ಸ್ಟುಡಿಯೋದ ಹೆಸರು. ಸತ್ತವರು ಇಲ್ಲಿಂದ ಹೊರಡುವಾಗ ಹತ್ತು ವರ್ಷ ಚಿಕ್ಕವರಾಗಿ, ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ, ಸಣ್ಣಗೆ ನಗುತ್ತ ಹೊರಡುತ್ತಿದ್ದರು.

ಎರಡು ಸ್ಕ್ರೀನಿನ ಏರ್ಪಾಡು ಮನೀಶನದು. ಡೊಂಬಿವಲಿಯಿಂದ ಬರುವ ಮನೀಶ ಸ್ಟುಡಿಯೋಕ್ಕೆ ಮದುವೆ ಶೂಟಿಂಗ್ ಮಾಡುವವನು, ಮೂವತ್ತು ದಾಟಿದವನು, ಲೋಕನಾಥಣ್ಣನ ಜೊತೆ ವಾರಕ್ಕೊಮ್ಮೆ ಜಗಳವಾಡಿ ವಾರಕ್ಕೊಮ್ಮೆ ರಾಜಿಯಾಗುವವನು. ಒಂದೂವರೆ ತಿಂಗಳ ಹಿಂದೆ ಹೊಸ ಲ್ಯಾಪ್‌ಟಾಪ್ ಬಂದಾಗ ಅದರ ಪಕ್ಕಕ್ಕೆ ಹಳೆಯ ದೊಡ್ಡ ಮಾನಿಟರ್ ಜೋಡಿಸಿ, ಈಗ ನೋಡು ರಮಿತಾ, ಒಂದರಲ್ಲಿ ಫೋಟೊ, ಇನ್ನೊಂದರಲ್ಲಿ ಆಲ್ಬಮ್ಮು, ರಾಣಿ ಥರ ಕೂತು ಕೆಲಸ ಮಾಡು ಎಂದಿದ್ದ. ಹಳೆಯದನ್ನು ಜೋಡಿಸಬೇಡ, ಏನಾದರೂ ಎಡವಟ್ಟಾಗುತ್ತದೆ ಎಂದು ಲೋಕನಾಥಣ್ಣ ಬೇಡವೆಂದರೂ ಕೇಳಿರಲಿಲ್ಲ. ಎಡವಟ್ಟು ಮೊದಲ ದಿನವೇ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ತೆರೆದರೆ ಮೆನುವಿನ ಅಕ್ಷರಗಳೆಲ್ಲ ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆ. ಸಾಫ್ಟ್‌ವೇರಿನ ಅದೇ ಕಿಟಕಿಯನ್ನು ಎಳೆದು ದೊಡ್ಡ ಮಾನಿಟರಿಗೆ ತಂದರೆ ಅಕ್ಷರ ನೆನೆದ ಅವಲಕ್ಕಿಯಂತೆ ಊದಿ, ಮಂಜಾಗಿ, ಅರ್ಧ ಮೆನು ಸ್ಕ್ರೀನಿನ ಹೊರಗೆ ಹೋಗುತ್ತಿತ್ತು. ಬ್ರಶ್ ಇಟ್ಟದ್ದು ಒಂದು ಕಡೆ, ಬಣ್ಣ ಬೀಳುವುದು ಬೆರಳಗಲ ಪಕ್ಕಕ್ಕೆ. ರಮಿತಾ ಒಂದೂವರೆ ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೀಶನಿಗೆ ಬೇಸರ, ಹೇಳಲು ಬಾಯಿ ತೆರೆಯುವುದು ತನಗೆ ಬೇಸರ. ಲ್ಯಾಪ್‌ಟಾಪಿನ ಮೇಲೆ ಮೂಗು ತಾಗುವಷ್ಟು ಬಗ್ಗಿ, ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಹೇಗೋ ಅಭ್ಯಾಸ ಮಾಡಿಕೊಂಡಿದ್ದಳು. ಸುಳ್ಳು ಹೇಳುವ ಹೊತ್ತು ಬಂದಾಗ ಬೆನ್ನು ಆನಿಸಲು ಅದೇ ನಿಜವಾದ ಗೋಡೆಯಾಗಿ ಸಿಕ್ಕಿತು.

ಜಯಕ್ಕ, ಎಂದರೆ ಜಯಲತಾ, ಬಂದದ್ದು ಎರಡು ವಾರದ ಹಿಂದೆ. ಗಂಡ ಮಧ್ವರಾಜಣ್ಣ ತೀರಿಹೋಗಿ ಆಗ ಐದು ದಿನ. ಸೀವುಡ್ಸ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದವರು, ಗಲ್ಲಾದಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಜಯಕ್ಕ ಅಳಲಿಲ್ಲ, ಪರ್ಸಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ತೆಗೆದದ್ದು. ಮಗಳ ಭುಜದ ಮೇಲೆ ಕೈಯಿಟ್ಟು ಗಂಡಸೊಬ್ಬ ನೇರ ಕ್ಯಾಮೆರಾ ನೋಡುತ್ತಿದ್ದ. ಅವನ ಎಡಗೆನ್ನೆ, ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ, ಒಣಗಿದ ಕೆರೆಯ ತಳದಂತೆ ಸೆಟೆದು ಗೆರೆಗೆರೆಯಾಗಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾರದೋ ಹೋಟೆಲಿನ ಅಡುಗೆಕೋಣೆಯಲ್ಲಿ ಕಾದ ಎಣ್ಣೆಯ ಬಾಣಲೆ ಮಗುಚಿದ್ದು. ಮದುವೆ ಫೋಟೊದಲ್ಲೂ ಮುಖ ತಿರುಗಿಸಿಕೊಂಡೇ ನಿಂತದ್ದು ಮಾರಾಯ್ತಿ, ಎಂದರು ಜಯಕ್ಕ. ಮನೆಯಲ್ಲಿ ಅವರ ಎಡಗಡೆ ಕಾಣುವ ಫೋಟೊವೇ ಇಲ್ಲ. ಇದೊಂದರಲ್ಲಿ ತಿರುಗಿಸಿಲ್ಲ ನೋಡು. ಮಗಳು ಹೇಳಿದಳಂತೆ, ಪಪ್ಪಾ ಸೀದಾ ನೋಡಿ ಅಂತ.

ರಮಿತಾ ಈ ಮಾತು ಕೇಳಿದ್ದಳು. ಪೂರ್ತಿ ಕೇಳಿದ್ದಳು. ಕೇಳಿಸಲಿಲ್ಲ ಎಂದು ಡೈರಿಯಲ್ಲಿ ಬರೆಯಲು ಅವಳಿಂದಲೂ ಆಗಿರಲಿಲ್ಲ.

ಆ ಸಂಜೆ ಸ್ಕ್ರೀನಿನಲ್ಲಿ ಮಧ್ವರಾಜಣ್ಣನ ಮುಖ ಮಾತ್ರ ಉಳಿಸಿಕೊಂಡು, ಮಗಳ ಭುಜವನ್ನು ಕತ್ತರಿಸಿ ತೆಗೆದು, ಲ್ಯಾಪ್‌ಟಾಪಿಗೆ ಬಗ್ಗಿ ಅವಳು ಕೆನ್ನೆಯನ್ನು ಹಿಗ್ಗಿಸಿದ್ದಳು. ಮುನ್ನೂರು ಪರ್ಸೆಂಟಿನಲ್ಲಿ ಒಂದೊಂದು ಗೆರೆ ಒಂದೊಂದು ಓಣಿಯಾಗಿ ಕಂಡಿತು. ಉತ್ತರಕ್ರಿಯೆಯ ದಿನ ಬಾಡಿಗೆಗೆ ಹಿಡಿದ ಹಾಲಿನಲ್ಲಿ ಇನ್ನೂರು ಜನ ಸಾಲಾಗಿ ಬಂದು ಈ ಕೆನ್ನೆಗೆ ಹೂ ಹಾಕುತ್ತಾರೆ, ಹಾಕುವ ಪ್ರತಿಯೊಬ್ಬರೂ ನೋಡುತ್ತಾರೆ ಎಂದು ಯೋಚಿಸಿದಾಗ ಅವಳ ಗದ್ದವೇ ಉರಿದ ಹಾಗಾಯಿತು. ಪಾಪ, ಬದುಕಿಡೀ ತಿರುಗಿಸಿಕೊಂಡವರು, ಇನ್ನಾದರೂ ನೆಮ್ಮದಿಯಾಗಿ ಇರಲಿ. ಹಾಗೆಂದೇ ಶುರುಮಾಡಿದ್ದು. ಆದರೆ ಬಣ್ಣ ಎತ್ತಿ ಒತ್ತುತ್ತ ಹೋದ ಹಾಗೆ ಪಾಪವೆಂಬುದು ಎಲ್ಲೋ ಬಿಟ್ಟುಹೋಗಿ, ಕೈಗೆ ಒಂದು ಸಿಟ್ಟು, ಒಂದು ಅವಸರ ಹತ್ತಿಕೊಂಡಿತ್ತು. ಸಹಿಸಲಾಗದ್ದೊಂದನ್ನು ಯಾರಿಗೂ ಕಾಣುವ ಮೊದಲು ಒರೆಸಿಬಿಡಬೇಕು ಎಂಬಂತೆ. ಮುಗಿದಾಗ ಸ್ಕ್ರೀನಿನಲ್ಲಿ ಯಾರೋ ಚಂದದ ಗಂಡಸು ಕೂತಿದ್ದ. ಅವಳಿಗೆ ಸಮಾಧಾನವಾಗಿತ್ತು.

ಫ್ರೇಮು ಕಟ್ಟಿಸಿದ ಫೋಟೊ ಉತ್ತರಕ್ರಿಯೆಯ ಬೆಳಿಗ್ಗೆ ಪೇಪರು ಸುತ್ತಿದ ಹಾಗೆಯೇ ಹಾಲಿಗೆ ಹೋಯಿತು. ಬಿಚ್ಚಿದಾಗ ಬದಲಿಸಲು ಹೊತ್ತಿರಲಿಲ್ಲ. ಮಾರನೆಯ ದಿನ, ಶುಕ್ರವಾರ, ಜಯಕ್ಕ ಫೋನು ಮಾಡಿದರು. ಲೋಕನಾಥಣ್ಣ ಸ್ಪೀಕರಿಗೆ ಹಾಕಿದರು. ಜಯಕ್ಕ ಬೈಯಲಿಲ್ಲ. ಅತ್ತೆಗೆ ಎಂಬತ್ತಾಗಿದೆ, ಮೊದಲೇ ಅಲ್ಪ ಸ್ವಲ್ಪ ಮರೆವು, ಮಗ ಹೋದದ್ದನ್ನು ಕಷ್ಟಪಟ್ಟು ಒಪ್ಪಿಕೊಂಡಿದ್ದರು ಎಂದರು. ಹಾಲಿನಲ್ಲಿ ಹೂ ಕೈಗೆ ಕೊಟ್ಟು ಫೋಟೊದ ಮುಂದೆ ನಿಲ್ಲಿಸಿದರೆ, ಇವ ಯಾರು ಎಂದು ಕೇಳಿದರಂತೆ. ನನ್ನ ಮಗ ಇವನಲ್ಲ ಎಂದು ಹೂವನ್ನು ಪಕ್ಕದವರ ಕೈಗೆ ಕೊಟ್ಟು ಬಂದು ಕೂತರಂತೆ. ಅಂದಿನಿಂದ ಯಾರು ಹೇಳಿದರೂ ಕೇಳುವುದಿಲ್ಲ. ಬೇರೆ ಯಾರೋ ಸತ್ತದ್ದು, ಮಗ ಹೋಟೆಲಿನಲ್ಲಿದ್ದಾನೆ, ಬರುತ್ತಾನೆ ಎಂದು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದಾರೆ. ಫೋನಿಟ್ಟ ಮೇಲೆ ಲೋಕನಾಥಣ್ಣ ಗಾಜಿನ ಬಾಗಿಲು ತೆರೆದು ಒಳಗೆ ಬಂದರು. ಆಮೇಲೆ, ಎಂತಾದ್ದು ರಮಿ, ಎಂದು ಕೇಳಿದರು. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಬೇರೆ ಏನಾದರೂ ಹೇಳುತ್ತಿದ್ದಳೋ ಏನೋ.

"ಸ್ಕ್ರೀನಲ್ಲಿ ಸರಿ ಕಾಣ್ಲಿಲ್ಲ, ಲೋಕಣ್ಣ."

ಅಷ್ಟೇ. ಉಳಿದದ್ದನ್ನು ಲೋಕನಾಥಣ್ಣನೇ ಕಟ್ಟಿಕೊಂಡರು. ಬೇಡವೆಂದ ಮಾನಿಟರು, ಕೇಳದ ಮನೀಶ, ನಮ್ಮವರೆಲ್ಲರ ಎದುರು ಹೋದ ಸ್ಟುಡಿಯೋದ ಮರ್ಯಾದೆ. ಮಂಗಳವಾರ ಕಲ್ಯಾಣದಿಂದ ಯೋಗೀಶ್ ಬಂದು ನೋಡಲಿ, ಇವನ ಜೋಡಣೆಯದೇ ತಪ್ಪು ಅಂತಾದರೆ ಈ ಸೀಸನ್ನಿನ ಮದುವೆಗಳಿಗೆ ಬೇರೆಯವರನ್ನು ಕರೆಯುತ್ತೇನೆ ಎಂದರು. ಇವತ್ತು ಮಂಗಳವಾರ.

ಯೋಗೀಶ್ ಕಂಪ್ಯೂಟರ್ ರಿಪೇರಿಯವನು, ಮನೆಯಲ್ಲಿ ವಿಜಯಪುರದ ಕನ್ನಡ. ಹನ್ನೊಂದಕ್ಕೆ ಬಂದು, ಚಹಾ ಕುಡಿದು, ರಮಿತಾಳ ಕುರ್ಚಿಯಲ್ಲಿ ಕೂತು ಸಾಫ್ಟ್‌ವೇರಿನ ಕಿಟಕಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ನೋಡಿದ. ಲೋಕನಾಥಣ್ಣ ಹಿಂದೆ ನಿಂತಿದ್ದರು. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಮನೀಶ ಬಾಗಿಲಿಗೆ ಒರಗಿದ್ದ. ರಮಿತಾ ಗೋಡೆಯ ಕಡೆ. ಸ್ಕ್ರೀನಿಗೆ ಏನನ್ನೂ ಮುಚ್ಚಿಡಲು ಸಾಧ್ಯವಿಲ್ಲ, ಅಳಿಸಿದವರು ಬೇಕೆಂದೇ ಅಳಿಸಿದ್ದು ಎಂದು ಇವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಅವನ ಬೆನ್ನಿನ ಮೇಲಿನ ಶರ್ಟಿನ ಗೆರೆಗಳನ್ನು ಎಣಿಸುತ್ತಿದ್ದಳು.

"ಎರಡೂ ಸ್ಕ್ರೀನ್ ಚಲೋ ಅದಾವರಿ," ಎಂದ ಯೋಗೀಶ್. "ಇದಕ್ಕ ಅಳತಿ ಇನ್ನೂರು ಪರ್ಸೆಂಟ್ ಇಟ್ಟಾರ, ಅದಕ್ಕ ನೂರು. ಯಾರ ಮಾತು ಕೇಳಬೇಕು ಅಂತ ಸಾಫ್ಟ್‌ವೇರಿಗೆ ತಿಳಿವಲ್ದು. ಇಬ್ಬರು ಅತ್ತೆಯರ ಕೈಯಾಗ ಸಿಕ್ಕ ಸೊಸಿ ಆಗೇದ."

ಅವನು ಸಾಫ್ಟ್‌ವೇರಿನ ಐಕಾನಿನ ಮೇಲೆ ಒತ್ತಿ, ಒಳಗಿನ ಒಂದು ಪುಟ ತೆರೆದು, ಅಳತೆಯನ್ನು ಕಂಪ್ಯೂಟರು ಹೇಳುವುದು ಬೇಡ, ಸಾಫ್ಟ್‌ವೇರು ತಾನೇ ನೋಡಿಕೊಳ್ಳಲಿ ಎಂಬಲ್ಲಿ ಗುರುತು ಹಾಕಿದ. ಸಾಫ್ಟ್‌ವೇರಿನೊಳಗೆ ಹೋಗಿ ಮೆನುವಿನ ಗಾತ್ರ ಬದಲಿಸಿದ. ಲ್ಯಾಪ್‌ಟಾಪನ್ನು ಒಮ್ಮೆ ಮುಚ್ಚಿ ತೆರೆದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದೂವರೆ ತಿಂಗಳು ಅವಳ ಕತ್ತು ಮುರಿದದ್ದು, ನಾಲ್ಕು ದಿನದಿಂದ ಅವಳನ್ನು ಕಾಪಾಡಿದ್ದು, ಅಷ್ಟರಲ್ಲಿ ಮುಗಿದುಹೋಯಿತು. ಕಿಟಕಿ ಆಚೆ ಹೋದರೂ ಈಚೆ ಬಂದರೂ ಈಗ ಅಕ್ಷರ ಒಂದೇ ಸಮ. ಯಾವ ಫೋಟೊ ತಪ್ಪಾಗಿದ್ದು, ಅದನ್ನ ತೆಗೀರಿ ಎಂದ. ರಮಿತಾ ಮುಂದೆ ಬಂದು, ಮೌಸು ಹಿಡಿದು, ಮಧ್ವರಾಜಣ್ಣನ ಫೈಲು ತೆರೆದಳು. ಅವಳು ಬಣ್ಣ ಒತ್ತಿದ ಪದರ ಬೇರೆಯಾಗಿಯೇ ಇತ್ತು. ಅದರ ಪಕ್ಕದ ಸಣ್ಣ ಕಣ್ಣಿನ ಗುರುತನ್ನು ಯೋಗೀಶ್ ಒತ್ತಿದ ಕೂಡಲೇ ಪದರ ಮಾಯವಾಗಿ ಎಡಗೆನ್ನೆ ತಿರುಗಿ ಬಂತು. ಒಂದೊಂದು ಗೆರೆಯೂ. ಎರಡು ಸ್ಕ್ರೀನಿನಲ್ಲೂ.

ಅಷ್ಟು ದೊಡ್ಡ ಕಲೆ. ಯಾವ ಮಂಜೂ ಅದನ್ನು ಮುಚ್ಚಲಾರದು. ಯೋಗೀಶ್ ಒಂದು ಕ್ಷಣ ಅದನ್ನು ನೋಡಿ, ಕುರ್ಚಿ ತಿರುಗಿಸಿ ರಮಿತಾಳನ್ನು ನೋಡಿದ. ಅವಳ ಸ್ಕಾರ್ಫು ಗದ್ದದಿಂದ ಸರಿದಿತ್ತು. ಅವನ ಕಣ್ಣು ಅಲ್ಲಿ ಬಿದ್ದು, ಬಿದ್ದದ್ದಕ್ಕೆ ನಾಚಿಕೊಂಡಂತೆ ಪಕ್ಕಕ್ಕೆ ಹೋಯಿತು. "ಒಂದೂವರೆ ತಿಂಗಳು ಇಂಥಾ ಸೆಟ್ಟಿಂಗಿನ್ಯಾಗ ಕೆಲಸ ಮಾಡ್ಯಾರಲ್ಲ ಪಾಪ," ಎಂದ ಲೋಕನಾಥಣ್ಣನಿಗೆ. "ಯಾರಿಗಾದ್ರೂ ತಪ್ಪು ಆಗತದರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಲೈಟ್ ಹಾಕಿ ಎಂದ ಹುಡುಗನ ತಾಯಿ ಹೋಗುವಾಗ ಅಮ್ಮನ ಕೈ ಹಿಡಿದು, ಹುಡುಗಿ ಒಳ್ಳೆಯವಳು ಎಂದು ಹೇಳಿದ್ದರಲ್ಲ, ಅದೇ ಬಗೆಯ ಮಾತು ಇದು. ಕನಿಕರದಿಂದ ತೆರೆದ ಬಾಗಿಲು. ಅದರೊಳಗೆ ನುಸುಳಿಕೊಂಡರೆ ಮುಗಿಯಿತು, ಇನ್ನು ಯಾರೂ ಕೇಳುವವರಿಲ್ಲ. ಅವಳು ಸ್ಕಾರ್ಫು ಎಳೆದುಕೊಂಡು ಸುಮ್ಮನೆ ನಿಂತಳು. ಲೋಕನಾಥಣ್ಣ ಮನೀಶನ ಕಡೆ ತಿರುಗಿದರು. ದನಿ ಏರಿಸಲಿಲ್ಲ. ಶನಿವಾರದ ಮದುವೆಗೆ ಬೇರೆಯವರಿಗೆ ಹೇಳುತ್ತೇನೆ, ನಿನ್ನ ಲೆನ್ಸು ಏನುಂಟೋ ತೆಗೆದುಕೊಂಡು ಹೋಗು ಎಂದರು. ಮನೀಶ ಜಗಳಕ್ಕೆ ಬರುತ್ತಾನೆ ಎಂದು ಎಲ್ಲರೂ ಕಾದರು. ಅವನು ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡ, ಅಷ್ಟೇ. ಒಳಗೆ ಬಂದು ತನ್ನ ಕಪಾಟು ತೆರೆದು ಬ್ಯಾಗು ತುಂಬತೊಡಗಿದ. ಆಮೇಲೆ ಬೆನ್ನು ತಿರುಗಿಸಿಕೊಂಡೇ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದ:

"ಸಾರಿ ಯಾರ್, ರಮಿತಾ. ಮೇರಿ ಗಲತಿ, ನನ್ನದೇ ತಪ್ಪು. ನಿನ್ನ ಕಣ್ಣು ಹಾಳಾಯ್ತು, ನಾನು ಒಂದ್ಸಲಾನೂ ಕೇಳಲಿಲ್ಲ."

ಅವಳ ಬಾಯಿ ತೆರೆಯಿತು. ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಕಂಡು ತನ್ನ ನಾಲಿಗೆಯ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು.

ಯೋಗೀಶ್ ಹೊರಟ. ಮನೀಶ ಇನ್ನೂ ಕೇಬಲ್ಲು ಸುತ್ತುತ್ತಿದ್ದ. ಅವಳು ಹೊಸ ಪ್ರಿಂಟು ತೆಗೆದಳು. ಯಂತ್ರದೊಳಗಿಂದ ಮೊದಲು ಕೂದಲು, ಹಣೆ, ಕಣ್ಣು, ಆಮೇಲೆ ಇಂಚಿಂಚಾಗಿ ಕೆನ್ನೆ. ಅಷ್ಟು ಹೊತ್ತಿಗೆ, ಲೋಕನಾಥಣ್ಣ ಬರಹೇಳಿದ್ದ ಜಯಕ್ಕ ಬಂದರು. ಕಪ್ಪಗಾಗಿದ್ದರು, ಬರಿಗೈ, ಬರಿಹಣೆ. ಕುರ್ಚಿ ಕೊಟ್ಟರೂ ಕೂರಲಿಲ್ಲ, ಅತ್ತೆ ಒಬ್ಬರೇ ಇದ್ದಾರೆ ಎಂದರು. ರಮಿತಾ ಪ್ರಿಂಟನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಜಯಕ್ಕ ಅದನ್ನು ಬಾಗಿಲ ಕಡೆ ಎತ್ತಿ ಹಿಡಿದು ನೋಡಿದರು, ಮೇಜಿನ ಮೇಲಿಟ್ಟು ನೋಡಿದರು. ಆಮೇಲೆ ಲೋಕನಾಥಣ್ಣನ ಕಡೆ ತಿರುಗಿ, "ಸ್ವಲ್ಪ ಲೈಟ್ ಹಾಕ್ತೀರಾ?" ಎಂದರು.

ಲೋಕನಾಥಣ್ಣ ಗೋಡೆಯ ಸ್ವಿಚ್ಚು ಒತ್ತಿದರು. ಫೋಟೊ ತೆಗೆಯುವ ಜಾಗದ ದೊಡ್ಡ ದೀಪವೇ ಹತ್ತಿತು. ಆ ಬೆಳಕಿನಲ್ಲಿ ಜಯಕ್ಕ ಹೆಬ್ಬೆರಳಿನಿಂದ ಕಾಗದದ ಮೇಲಿನ ಕೆನ್ನೆಯನ್ನು, ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ, ಒಮ್ಮೆ ಸವರಿದರು. ಎಷ್ಟು ಸಲ ಹೀಗೆ ಸವರಿರಬೇಕು ಎಂದು ನೋಡಿದವರಿಗೆ ತಿಳಿಯುವಷ್ಟು ಅಭ್ಯಾಸದ ಬೆರಳು ಅದು. ಅವರು ಈಗಲೂ ಅಳಲಿಲ್ಲ. ಇವತ್ತು ಇದನ್ನು ಅತ್ತೆಗೆ ತೋರಿಸಬೇಕು ಎಂದರು. ಸತ್ತದ್ದು ನಿಮ್ಮ ಮಗನೇ ಅಂತ ಮತ್ತೊಮ್ಮೆ ಮೊದಲಿನಿಂದ ಹೇಳಬೇಕು. ಒಂದು ಸಲ ಹೇಳಿದ್ದೇ ನನಗೆ ಸಾಕಾಗಿತ್ತು.

ಮನೀಶ ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಜಯಕ್ಕ ಫೋಟೊವನ್ನು ಎದೆಗಾನಿಸಿಕೊಂಡು ಹೊರಡುವಾಗ ರಮಿತಾಳ ಮುಂದೆ ನಿಂತು ಅವಳ ಭುಜ ಮುಟ್ಟಿದರು.

"ನೀನು ಬೇಜಾರು ಮಾಡ್ಕೊಳ್ಬೇಡ ಮಗಾ. ಲೋಕಣ್ಣ ಎಲ್ಲ ಹೇಳಿದ್ರು. ಕಾಣದಿದ್ರೆ ನೀನಾದ್ರೂ ಎಂತ ಮಾಡುದು?"

ದೀಪ ಇನ್ನೂ ಉರಿಯುತ್ತಿತ್ತು, ಮುಖದ ಮೇಲೆ ಬಿಸಿ ತಾಗುವಷ್ಟು. ಮನೀಶ ಬ್ಯಾಗು ಹೆಗಲಿಗೇರಿಸಿ ಗಾಜಿನ ಬಾಗಿಲಿಗೆ ಕೈಯಿಟ್ಟಿದ್ದ. ರಮಿತಾ ಜಯಕ್ಕನ ಎದೆಯ ಮೇಲಿನ ಬಿಳಿ ಕಾಗದದ ಬೆನ್ನು ನೋಡುತ್ತ, ಇನ್ನು ನಾಲ್ಕು ಹೆಜ್ಜೆ, ನಾಲ್ಕು ಹೆಜ್ಜೆ ಆದಮೇಲೆ ಇದು ಎಂದೆಂದಿಗೂ ನಿಜವಾಗಿಬಿಡುತ್ತದೆ ಎಂದುಕೊಂಡಳು. ದನಿ ಹೊರಟಾಗ ಅದು ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲ, ಅಷ್ಟು ದೊಡ್ಡದಾಗಿತ್ತು.

"ಕಂಡಿತ್ತು ಜಯಕ್ಕ. ಸ್ಕ್ರೀನಿದ್ದು, ಮನೀಶನದ್ದು ಎಂತದೂ ತಪ್ಪಿಲ್ಲ. ನಂಗೆ ಸರಿಯಾಗಿಯೇ ಕಂಡಿತ್ತು. ಆ ಕೆನ್ನೆ ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ ಅಂತ ನಾನೇ ಅಳಿಸಿದ್ದು."